ಎಣ್ಣೆ ಡಬ್ಬಿಯ ಮಲ್ಲಿಗೆ

ಡೊಂಬಿವಲಿಯಲ್ಲಿ ನಮ್ಮದು ಮೂರನೇ ಮಾಳಿಗೆ. ಲಿಫ್ಟ್ ಇಲ್ಲ. ಸ್ಟೇಶನ್ ಹತ್ತಿರದಿಂದ ತರಕಾರಿ ಚೀಲ ಹೊತ್ತು ಮೇಲೆ ಬರುವಷ್ಟರಲ್ಲಿ ಯಾರ ಮೇಲಾದರೂ ರೇಗಬೇಕು ಅನಿಸುವುದು ಸಹಜ. ನಾನು ರೇಗುವುದಕ್ಕೆ ಮೆಟ್ಟಿಲು ಹತ್ತಲೇಬೇಕು ಅಂತೇನೂ ಇಲ್ಲ ಎಂದು ನಮ್ಮವರು ಹೇಳುತ್ತಾರೆ. ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತು ಬಂದವರ ಹತ್ತಿರವೆಲ್ಲ ನಗುನಗುತ್ತ ಮಾತಾಡಿದ ಮನುಷ್ಯ. ಹೋಟೆಲನ್ನು ಮೈದುನನಿಗೆ ಒಪ್ಪಿಸಿದ ಮೇಲೆ ಉಳಿದ ತಮಾಷೆಯನ್ನೆಲ್ಲ ಮನೆಗೆ ತಂದು ನನ್ನ ಮೇಲೆ ತೀರಿಸುತ್ತಿದ್ದಾರೆ.

ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಗ್ಯಾಲರಿ. ನಾಲ್ಕು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ, ಹೊರಗೆ ಕಬ್ಬಿಣದ ಗ್ರಿಲ್. ಹೋಟೆಲಿನಲ್ಲಿ ಖಾಲಿಯಾದ ಎಣ್ಣೆ ಡಬ್ಬಿಗಳನ್ನು ತರಿಸಿ, ಅಡಿಗೆ ಮೊಳೆಯಿಂದ ತೂತು ಹೊಡೆದು, ಗ್ರಿಲ್‌ಗೆ ಬಳಿದು ಉಳಿದ ಹಸಿರು ಪೇಂಟ್ ಬಳಿದು ಸಾಲಾಗಿ ಇಟ್ಟಿದ್ದೆ. ಅಡಿಯಲ್ಲಿ ತೆಂಗಿನ ಸಿಪ್ಪೆ, ಮೇಲೆ ಮಣ್ಣು, ಅದರ ಮೇಲೆ ಹೋಟೆಲಿನ ಚಹಾದ ಚರಟ. ತುಳಸಿ, ದಾಸವಾಳ, ನಂದಬಟ್ಟಲು, ಅಬ್ಬಲಿಗೆ, ಒಂದು ಕರಿಬೇವು. ನೀರು ಹಾಕಿದರೆ ತೂತಿನಿಂದ ಸೋರಿ ಎರಡನೇ ಮಾಳಿಗೆಯ ಗ್ಯಾಲರಿಗೆ ಬೀಳುತ್ತಿತ್ತು. ಅಲ್ಲಿದ್ದ ಮಾಲವಣ ಕಡೆಯ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳು, ಒಣಗಲು ಹಾಕಿದ ಬಟ್ಟೆಯ ಮೇಲೆ ಕೆಂಪು ನೀರು ಬಿತ್ತೆಂದು ಮೇಲೆ ಬಂದು ಜಗಳ ಮಾಡಿದಳು. ನಾನೂ ಮಾಡಿದೆ. ಮರುದಿನ ಡಬ್ಬಿಗಳ ಕೆಳಗೆ ಹಳೆಯ ತಟ್ಟೆ ಇಟ್ಟೆ. ಅದರ ಮರುದಿನ ಅವಳು ಕರಿಬೇವು ಕೇಳಲು ಬಂದಳು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಸ್ನೇಹ ಬಾಗಿಲವರೆಗೆ. ಅವಳ ಮನೆಯಲ್ಲಿ ಮೀನಿಲ್ಲದೆ ಊಟವಿಲ್ಲ, ನಮ್ಮದು ಹೋಟೆಲಿನ ಬೋರ್ಡಿನ ಮೇಲೇ ‘ಶುದ್ಧ ಶಾಕಾಹಾರಿ’ ಎಂದು ಬರೆಸಿಕೊಂಡ ಮನೆತನ. ಅವಳು ಮೀನು ಹುರಿಯುವ ಹೊತ್ತಿಗೆ ನಾನು ಗ್ಯಾಲರಿಯ ಬಾಗಿಲು ಹಾಕಿ ಊದುಬತ್ತಿ ಹಚ್ಚುತ್ತಿದ್ದೆ. ಅವಳು ಅದಕ್ಕೆ ಬೇಸರ ಮಾಡಿಕೊಂಡದ್ದಿಲ್ಲ. ಆ ದಿನಗಳಲ್ಲಿ ನನಗೆ ಅದು ದೊಡ್ಡ ವಿಷಯ ಅಂತಲೂ ಕಂಡಿರಲಿಲ್ಲ.

ದೊಡ್ಡ ವಿಷಯವಾದದ್ದು ಮಗನ ಮದುವೆಯಲ್ಲಿ. ಆಫೀಸಿನಲ್ಲಿ ಜೊತೆಗಿದ್ದ ಮರಾಠಿ ಹುಡುಗಿಯನ್ನು ಮಾಡಿಕೊಳ್ಳುತ್ತೇನೆ ಅಂದ. ಹುಡುಗಿಯ ತವರು ಶಹಾಡ್. ಒಳ್ಳೆಯ ಜನ, ಮೀನು ತಿನ್ನುವ ಜನ. ಠಾಣೆಯಲ್ಲಿರುವ ನನ್ನ ಅಕ್ಕ ಫೋನಿನಲ್ಲಿ, “ಇನ್ನು ನಿನ್ನ ಅಡುಗೆಮನೆ ಮುಗಿಯಿತು ಅಂತ ಇಟ್ಟುಕೋ” ಎಂದಳು. ನಾನು ಮದುವೆಗೆ ಅಡ್ಡ ಬರಲಿಲ್ಲ, ಆದರೆ ಮನಸ್ಸು ಬಿಚ್ಚಿ ನಿಲ್ಲಲೂ ಇಲ್ಲ. ಅವರು ಸೀವುಡ್ಸ್‌ನಲ್ಲಿ ಮನೆ ಮಾಡಿದರು. ಬಂದರೆ ಎರಡು ದಿನ, ನಗುತ್ತ ಮಾತು, ನಗುತ್ತ ಊಟ, ನಗುತ್ತ ಟಾಟಾ. ನಾನು ಒಂದು ಕಟ್ಟಳೆ ಇಟ್ಟಿದ್ದೆ: ಶಹಾಡ್‌ಗೆ ಹೋಗಿ ನಮ್ಮಲ್ಲಿಗೆ ಬಂದರೆ ಮೊದಲು ಸ್ನಾನ, ಆಮೇಲೆ ಅಡುಗೆಮನೆ. ಮೊಮ್ಮಗಳು ಹುಟ್ಟಿ ನಡೆಯಲು ಕಲಿತ ಮೇಲೆ ಅವಳಿಗೂ ಅದೇ. ಬಾಗಿಲಲ್ಲೇ ನಿಂತು, “ನಹಾನಾ ಹೈ ನಾ, ಅಜ್ಜಿ?” ಎಂದು ತಾನೇ ಕೇಳಿ ಬಾತ್‌ರೂಮಿಗೆ ಓಡುತ್ತಿದ್ದಳು. ಎಷ್ಟು ಜಾಣೆ ಎಂದು ನಾನು ಹೆಮ್ಮೆಪಟ್ಟುಕೊಳ್ಳುತ್ತಿದ್ದೆ. ನೆನೆಸಿಕೊಂಡರೆ ಈಗ ನನಗೆ ನಾಚಿಕೆಯಾಗುತ್ತದೆ.

ಅವಳಿಗೆ ಒಂಬತ್ತು ತುಂಬಿದ ವರ್ಷ ಬೇಸಿಗೆ ರಜೆಗೆ ಎರಡು ತಿಂಗಳು ನಮ್ಮಲ್ಲಿ ಇರಲು ಬಂದಳು. ಅಷ್ಟು ದಿನ ಅವಳು ನನ್ನ ಕೈಗೆ ಸಿಕ್ಕಿದ್ದು ಅದೇ ಮೊದಲು. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವಳು. ಗುಟ್ಟು ಇದ್ದರೆ ನಾನೂ ನಮ್ಮವರೂ ತುಳುವಿಗೆ ಜಾರಿಕೊಳ್ಳುತ್ತಿದ್ದೆವು. ರಜೆಯ ಕೊನೆಗೆ ಅಕ್ಕನ ಮಗನ ಮದುವೆ, ಠಾಣೆಯ ಹಾಲ್‌ನಲ್ಲಿ. ನಮ್ಮ ಕಡೆಯವರೆಲ್ಲ ಸೇರುತ್ತಾರೆ. ಅಷ್ಟೂ ಜನರ ಮುಂದೆ ಈ ಹುಡುಗಿ ನಮ್ಮವಳಾಗಿ ಕಾಣಬೇಕು ಎಂದು ನನಗೆ ಒಂದು ಹಟ ಬಂತು. ಅಂಗಡಿಯದ್ದಲ್ಲ, ನನ್ನ ಗ್ಯಾಲರಿಯಲ್ಲೇ ಬಿಟ್ಟ ಊರಿನ ಮಲ್ಲಿಗೆ ಅವಳ ಜಡೆಯಲ್ಲಿರಬೇಕು.

ಹಟಕ್ಕೇನು, ಯಾರಾದರೂ ಹಿಡಿಯಬಹುದು. ಗಿಡ ಒಪ್ಪಬೇಕಲ್ಲ? ಮೂರು ವರ್ಷದ ಹಿಂದೆ ಉಡುಪಿಯಿಂದ ರೈಲಿನಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಗೆಲ್ಲುಗಳು ಎರಡು ಡಬ್ಬಿಯಲ್ಲಿ ಸೊಗಸಾಗಿ ಚಿಗುರಿದ್ದವು. ಎಲೆ ಅಂದರೆ ಎಲೆ. ಮೊಗ್ಗು ಮಾತ್ರ ಹೆಸರಿಗೆ ನಾಲ್ಕೋ ಐದೋ. ನೆಲಗಡಲೆ ಹಿಂಡಿ ನೆನೆಸಿ ಹಾಕಿದೆ, ಅಕ್ಕಿ ತೊಳೆದ ನೀರು ಹಾಕಿದೆ, ಗೆಲ್ಲು ಕತ್ತರಿಸಿದೆ, ಬೈದೆ. ನಮ್ಮವರು ಪೇಪರಿನ ಹಿಂದಿನಿಂದ, “ಬೈಗುಳ ನಿಲ್ಲಿಸಿ ನೋಡು. ನಾನೂ ಹಾಗೆಯೇ ಬಾಡಿದ್ದು” ಎಂದರು.

ಒಂದು ಮಧ್ಯಾಹ್ನ ಕೆಳಗಿನವಳು ಕರಿಬೇವಿಗೆ ಬಂದು ಗಿಡ ನೋಡಿ ಹೇಳಿದಳು, “ಆಜಿ, ಮಾಸೇ ಧುತಲೇಲಂ ಪಾಣೀ ಘಾಲಾ.” ಮೀನು ತೊಳೆದ ನೀರು ಹಾಕಬೇಕಂತೆ. ತನ್ನ ತಾಯಿ ಮಾಲವಣದಲ್ಲಿ ಹಾಗೇ ಮಾಡುತ್ತಿದ್ದಳಂತೆ, ಬೇಕಾದರೆ ತಾನೇ ದಿನ ಬಿಟ್ಟು ದಿನ ತಂದು ಕೊಡುತ್ತಾಳಂತೆ.

ನಾನು ಒಳ್ಳೆಯ ಮಾತಿನಲ್ಲಿ ಬೇಡ ಅಂದಿದ್ದರೆ ಆಗುತ್ತಿತ್ತು. ಅನ್ನಲಿಲ್ಲ. ಅವಳ ಮುಂದೆ ನಕ್ಕೆ. ಅವಳು ಇಳಿದು ಹೋದ ಮೇಲೆ ನಮ್ಮವರ ಹತ್ತಿರ, “ಕೇಳಿತಾ? ದೇವರ ಹೂವಿಗೆ ಮೀನಿನ ನೀರಂತೆ! ಮೀನು ಸೋಂಕಿದ್ದು ನನ್ನ ದೇವರಿಗೂ ಬೇಡ, ನನ್ನ ಮನೆಗೂ ಬೇಡ” ಎಂದೆ. ಕೋಪದಲ್ಲಿ ತುಳುವಿಗೆ ಜಾರುವುದು ಮರೆತುಹೋಗಿತ್ತು. ಮೊಮ್ಮಗಳು ನೆಲದ ಮೇಲೆ ಕೂತು ಬಣ್ಣದ ಪೆನ್ಸಿಲ್ ಚೂಪು ಮಾಡುತ್ತಿದ್ದಳು.

ಆ ಏಪ್ರಿಲ್‌ನಲ್ಲಿ ನಾವಿಬ್ಬರೂ ಮಾಡಿದ ಕೆಲಸ ಒಂದೆರಡಲ್ಲ. ಮುರಿದ ಮಂಚದ ಹಲಗೆಗಳನ್ನು ಸೇರಿಸಿ ಮೂರು ಮೆಟ್ಟಿಲಿನ ಸ್ಟ್ಯಾಂಡ್ ಮಾಡಿದೆವು. ನಾನು ಮೊಳೆ ಹಿಡಿಯುವುದು, ಅವಳು ಹೊಡೆಯುವುದು. ನನ್ನ ಹೆಬ್ಬೆರಳಿಗೆ ಎರಡು ಸಲ ಬಿತ್ತು. ಎರಡು ಸಲವೂ ಅವಳೇ ಮೊದಲು ಅತ್ತಳು. ಮಂಚದ ನವಾರು ಬಿಚ್ಚಿ ಮಲ್ಲಿಗೆಗೆ ಆನಿಸಲು ಗ್ರಿಲ್‌ಗೆ ಹೆಣೆದೆವು. ನನ್ನ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅವಳಿಗೊಂದು ಹೊದಿಕೆ ಹೊಲಿದೆ. ಯಾವ ಸೀರೆ ಯಾವಾಗಿನದು ಎಂದು ಕೇಳುತ್ತ ಅವಳು ಅದರ ಮೇಲೇ ನಿದ್ದೆ ಹೋಗುತ್ತಿದ್ದಳು. ಅವಳ ಕತ್ತಿನ ಬೆವರು ಒರೆಸುತ್ತ ಕೂತರೆ ನನಗೆ ಎದ್ದು ಹೋಗಲು ಮನಸ್ಸಾಗುತ್ತಿರಲಿಲ್ಲ. ನನ್ನ ಮಗನನ್ನು ಸಾಕುವಾಗ ನನಗೆ ಇಷ್ಟು ಪುರುಸೊತ್ತು ಎಲ್ಲಿತ್ತು?

ಊಟವಾಗಿ ನಾನು ಒಂದು ಗಳಿಗೆ ಅಡ್ಡಾದರೆ ಅವಳು ಕೆಳಗಿನ ಮನೆಗೆ ಆಡಲು ಹೋಗುತ್ತಿದ್ದಳು. ಹೋಗುವಾಗ ಶಾಲೆಯ ವಾಟರ್ ಬಾಟ್ಲಿ ಹೆಗಲಿಗೆ. ಎರಡು ಮನೆಯ ನಡುವೆ ಹದಿನೆಂಟು ಮೆಟ್ಟಿಲು, ಅದಕ್ಕೂ ನೀರು ಬೇಕಾ ಎಂದು ಕೇಳಿದರೆ, “ಗರ್ಮಿ ಹೈ, ಅಜ್ಜಿ” ಎನ್ನುವಳು. ಏಪ್ರಿಲ್ ತಿಂಗಳ ಸೆಕೆ, ನಾನು ನಂಬಿದೆ.

ಮೇ ಮೊದಲ ವಾರ ಮಲ್ಲಿಗೆ ಮೊಗ್ಗು ಬಿಟ್ಟಿತು. ನಾಲ್ಕು ಐದಲ್ಲ, ಗೆಲ್ಲುಗೆಲ್ಲಿಗೆ ಗೊಂಚಲು. ನಾನು ಗ್ರಿಲ್ ಹಿಡಿದುಕೊಂಡು ನಿಂತುಬಿಟ್ಟೆ. ಸ್ನಾನ ಮಾಡಿ ಬೆಳಿಗ್ಗೆ ಬಿಡಿಸಿದರೆ ಅರ್ಧ ಬುಟ್ಟಿ. ನಮ್ಮಲ್ಲಿ ಮೊದಲ ಹೂ ದೇವರಿಗೆ. ದೇವರಿಗೆ ಏರಿಸುವ ಮೊದಲು ಮುಡಿಯುವುದು ಹಾಗಿರಲಿ, ಮೂಗಿನ ಹತ್ತಿರ ಹಿಡಿಯುವುದೂ ಇಲ್ಲ. ಬಾಳೆನಾರಿನಲ್ಲಿ ಕಟ್ಟಿ ಮನೆಯ ದೇವರಿಗೆ ಹಾಕಿದೆ. ಓಣಿಯ ಗಣಪತಿ ಗುಡಿಗೆ ಕಳಿಸಿದೆ. ಗುರುವಾರದ ಭಜನೆಗೆ ಒಯ್ದು ಅಲ್ಲಿನ ಫೋಟೋಗೆ ಹಾಕಿಸಿ, ಹೆಂಗಸರಿಗೆಲ್ಲ ಹಿಂಡಿ ನೆನೆಸುವ ಕ್ರಮ, ಚಹಾದ ಚರಟದ ಅಳತೆ, ಗೆಲ್ಲು ಕತ್ತರಿಸುವ ಹದ ವಿವರಿಸಿದೆ. ಅಕ್ಕನಿಗೆ ಫೋನ್ ಮಾಡಿ ಮತ್ತೊಮ್ಮೆ ವಿವರಿಸಿದೆ. ಕೈಗುಣ ಅಂತ ಒಂದು ಇರುತ್ತದೆ ಎಂದೂ ಸೇರಿಸಿದೆ.

ಆ ಹೊತ್ತಿಗೆ ಒಂದು ಬೆಕ್ಕು ಗಂಟುಬಿತ್ತು. ಕೆಳಗಿನ ಗ್ರಿಲ್ ಹಿಡಿದು ಹತ್ತಿ ಬಂದು ಮಲ್ಲಿಗೆ ಡಬ್ಬಿಯ ಪಕ್ಕ ಕಣ್ಣು ಮುಚ್ಚಿ ಕೂರುವುದು. ಓಡಿಸಿದರೆ ಹೋಗಿ ಮತ್ತೆ ಬರುವುದು. “ಬಿಲ್ಲಿ ಕೋ ಫೂಲ್ ಪಸಂದ್ ಹೈ” ಎಂದಳು ಮೊಮ್ಮಗಳು, ಬೆಕ್ಕಿಗೆ ಹೂವೆಂದರೆ ಇಷ್ಟ ಅಂತ. ನಮ್ಮವರು ಪೇಪರನ್ನು ಇನ್ನಷ್ಟು ಮೇಲೆ ಎತ್ತಿ ಹಿಡಿದರು.

ಮಣ್ಣು ಕೆದಕುವಾಗ ಒಂದೆರಡು ಕಡೆ ಏನೋ ಮಿನುಗಿತು. ಎತ್ತಿ ನೋಡಿದೆ, ಚಮ್ಕಿ. ಮದುವೆಗೆಂದು ಸೊಸೆ ತಂದಿಟ್ಟ ಘಾಗ್ರಾ ಚಮ್ಕಿಯದ್ದು. ಈ ಹುಡುಗಿ ದಿನಕ್ಕೊಮ್ಮೆ ಅದನ್ನು ಹಾಕಿಕೊಂಡು ಮನೆಯೆಲ್ಲ ತಿರುಗುತ್ತಿದ್ದಳು. ಉದುರಿಸಿಕೊಂಡಿದ್ದಾಳೆ ಎಂದು ನಾನು ಅವನ್ನು ತೊಳೆದು, ಒರೆಸಿ, ನನ್ನ ಗುಂಡಿ ಡಬ್ಬಿಯಲ್ಲಿ ಹಾಕಿಟ್ಟೆ. ಮತ್ತೆ ಎರಡು ಸಿಕ್ಕವು, ಮತ್ತೆ ಮೂರು. ಒಣಗಿದ ಮೇಲೆ ಕೊಂಚ ಮುರುಟಿಕೊಂಡವು. ಈಗಿನ ಮಾಲೆಲ್ಲ ಹೀಗೇ ಎಂದುಕೊಂಡೆ.

ಮದುವೆಗೆ ನಾಲ್ಕು ದಿನ ಇತ್ತು. ಬೆಳಿಗ್ಗೆ ಬಿಡಿಸಿದ ಹೂ ದೇವರ ಮುಂದೆ ಬುಟ್ಟಿಯಲ್ಲಿತ್ತು, ಕಟ್ಟುವ ಮೊದಲು ಉದುರಿದ ಚಮ್ಕಿ ಹೊಲಿದು ಘಾಗ್ರಾ ಮುಗಿಸೋಣವೆಂದು ಹೊಸ್ತಿಲ ಹತ್ತಿರ ಸೂಜಿ ಹಿಡಿದು ಕೂತಿದ್ದೆ. ಒಂದು ಚಮ್ಕಿ ಹೇಗೋ ಹೊಲಿದಾಗಿತ್ತು. ಎರಡನೆಯದಕ್ಕೆ ಸೂಜಿ ಇಳಿಯದು. ಅಷ್ಟರಲ್ಲಿ ಕೆಳಗಿನವಳು ಬಂದಳು. “ನೋಡು ಮಾರಾಯ್ತಿ, ಚಮ್ಕಿಗೆ ತೂತೇ ಮಾಡಿಲ್ಲ ಈ ಅಂಗಡಿಯವರು” ಎಂದು ನನ್ನ ಅರೆಬರೆ ಮರಾಠಿಯಲ್ಲಿ ಹೇಳಿ ಅವಳ ಅಂಗೈ ಮೇಲೆ ಇಟ್ಟೆ.

ಅವಳು ಬೆಳಕಿಗೆ ಹಿಡಿದು ನೋಡಿದಳು. ಘಾಗ್ರಾ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಳಗೆ ಕುಸಿದು ಕೂತು ನಗತೊಡಗಿದಳು. “ಅಹೋ ಆಜಿ! ಹೀ ಟಿಕಲೀ ನಾಹೀ, ಮಾಶಾಚಂ ಖವಲಂ ಆಹೇ!”

ಚಮ್ಕಿಯಲ್ಲ. ಮೀನಿನ ಮೈಮೇಲಿನ ಹುರುಪೆ. ಅರವತ್ತು ದಾಟುವವರೆಗೆ ಮೀನನ್ನು ಹತ್ತಿರದಿಂದ ನೋಡದವಳು ಇನ್ನೇನು ಮಾಡಿಯಾಳು? ಏಳು ಹುರುಪೆ ತೊಳೆದೊರೆಸಿ ಡಬ್ಬಿಯಲ್ಲಿ ಜೋಪಾನ ಮಾಡಿದ್ದೆ, ಒಂದನ್ನು ರೇಷ್ಮೆ ದಾರದಲ್ಲಿ ಹೊಲಿದೂ ಇದ್ದೆ.

ನಗು ನಿಂತ ಮೇಲೆ ಅವಳೇ ಕಣ್ಣೊರೆಸಿಕೊಂಡು ಹೇಳಿದಳು. ಮೊಮ್ಮಗಳು ದಿನ ಬಿಟ್ಟು ದಿನ ಬಾಟ್ಲಿ ತಂದು, ಅಜ್ಜಿ ಕೇಳಿದ್ದಾಳೆ ಎಂದು ಮೀನು ತೊಳೆದ ನೀರು ಒಯ್ಯುತ್ತಿದ್ದಾಳೆ. ಕೊನೆಗೂ ಆಜಿ ನನ್ನ ಮಾತು ಕೇಳಿದರಲ್ಲ ಎಂದು ತನಗೆ ಎಷ್ಟು ಖುಷಿಯಾಗಿತ್ತು ಎಂದಳು. ನಾನು ಸೂಜಿ ಕೆಳಗಿಟ್ಟು ಎದ್ದು ನಿಂತೆ. ಅವಳು ಕರಿಬೇವನ್ನೂ ಕೇಳದೆ ಮೆಲ್ಲಗೆ ಇಳಿದು ಹೋದಳು.

ನನಗೆ ತಲೆ ಕೆಟ್ಟುಹೋಯಿತು. ಮೂರು ವಾರ! ಮನೆಯ ದೇವರು, ಓಣಿಯ ಗಣಪತಿ, ಗುರುವಾರದ ಭಜನೆ, ಎಲ್ಲ ಕಡೆಯೂ ಅದೇ ಹೂ. “ಕೇಳಿತಾ?” ಎಂದು ಕೂಗಿದೆ. ನಮ್ಮವರು ಪೇಪರ್ ಮಡಚಿದರು.

“ನನಗೆ ಮೊದಲ ದಿನವೇ ಗೊತ್ತಾಯಿತು. ಹೋಟೆಲಿನವನ ಮೂಗು” ಎಂದರು.

“ಗೊತ್ತಿದ್ದೂ ಸುಮ್ಮನಿದ್ದಿರಾ?”

“ನಿನಗೆ ಹೂ ಬೇಕಿತ್ತು. ಅವಳಿಗೆ ನೀನು ಬೇಕಿತ್ತು. ನಡುವೆ ನಾನು ಎಂತ ಹೇಳುವುದು?”

ಆ ಮಾತು ಆಗ ನನ್ನ ಕಿವಿಗೆ ಹೋಗಲಿಲ್ಲ. ಬುಟ್ಟಿ ಎತ್ತಿಕೊಂಡು, ಹೂವನ್ನೆಲ್ಲ ಕಸಕ್ಕೆ ಸುರಿದು, ಎರಡೂ ಗಿಡ ಕಿತ್ತು ಹಾಕುವುದೇ ಎಂದು ಗ್ಯಾಲರಿಗೆ ನಡೆದೆ. ಮೊಮ್ಮಗಳು ಅಲ್ಲೇ ಇದ್ದಳು. ನಾವು ಮಾಡಿದ ಸ್ಟ್ಯಾಂಡಿನ ಹಿಂದೆ, ಗೋಡೆಗೂ ಡಬ್ಬಿಗೂ ನಡುವೆ ಮುದುಡಿ ಕೂತಿದ್ದಳು. ಬಾಟ್ಲಿ ಎದೆಗೆ ಒತ್ತಿಕೊಂಡಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಯಾಕೆ ಹೀಗೆ ಮಾಡಿದೆ?” ಎಂದೆ. ಸ್ವರ ಜೋರಾಗಿಯೇ ಇತ್ತು.

“ಮದುವೆಗೆ ಹೂ ಬೇಕು ಅಂದಿ ನೀನು” ಎಂದಳು. ಕನ್ನಡದಲ್ಲಿ. ಅವಳ ಬಾಯಿಂದ ಅಷ್ಟು ಉದ್ದದ ಕನ್ನಡ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನನ್ನ ಕೈಯಲ್ಲಿದ್ದ ಬುಟ್ಟಿ ನೋಡಿ ಕೇಳಿದಳು, “ಬಿಸಾಡ್ತಿಯಾ?”

“ಮತ್ತೆ? ಮೀನಿನ ನೀರು ಕುಡಿದ ಹೂವಲ್ಲವಾ ಇದು?”

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಾನು ಶಹಾಡ್‌ನಲ್ಲಿ ಮೀನೇ ತಿಂತೇನೆ, ಅಜ್ಜಿ” ಎಂದಳು. “ಸ್ನಾನ ಮಾಡಿದ್ರೆ ಹೊರಗಿಂದು ಹೋಗ್ತದೆ. ಒಳಗಿದ್ದದ್ದು ಹೋಗೂದಿಲ್ಲ. ನಾನೂ ಬೇಡವಾ ನಿಂಗೆ?”

ಬುಟ್ಟಿ ಕೆಳಗಿಟ್ಟೆ. ಅಲ್ಲೇ ಒದ್ದೆ ನೆಲದ ಮೇಲೆ ಕೂತೆ. ಈ ಹುಡುಗಿ ಬಾಗಿಲಲ್ಲಿ ನಿಂತು ‘ನಹಾನಾ ಹೈ ನಾ’ ಎಂದು ಕೇಳುತ್ತಿದ್ದದ್ದು ಜಾಣತನದಿಂದಲ್ಲ, ಹೆದರಿಕೆಯಿಂದ. ಪ್ರತಿ ಸಲವೂ ಅವಳು ಸ್ನಾನ ಮಾಡಿ ಬಂದು ನನ್ನ ಮುಖ ನೋಡುತ್ತಿದ್ದಳು, ಈಗ ಸರಿಯಾ ಎಂದು. ಇಷ್ಟು ವರ್ಷ ನಾನು ಅದನ್ನು ನೋಡಿಯೂ ನೋಡಿರಲಿಲ್ಲ. ನನ್ನ ದೇವರಿಗೆ, ನನ್ನ ಮನೆಗೆ ಬೇಡ ಎಂದು ನಾನು ಕೂಗಿ ಹೇಳಿದ್ದು ಅವಳ ಎದುರಿಗೇ.

“ಇಲ್ಲಿ ಬಾ, ಮಗಾ” ಎಂದೆ. ಬರಲಿಲ್ಲ. ನಾನೇ ಡಬ್ಬಿ ಸರಿಸಿ ಹತ್ತಿರ ಹೋದೆ. ಬಾಳೆನಾರು ಬುಟ್ಟಿಯಲ್ಲೇ ಇತ್ತು. ಅಲ್ಲೇ ಕೂತು ಕಟ್ಟಿದೆ. ಮೊದಲ ಗಂಟುಗಳು ಸಡಿಲಾಗಿ ಬಿಚ್ಚಿಕೊಂಡವು, ಮತ್ತೆ ಕಟ್ಟಿದೆ. ಒಂದು ಗೇಣು ಆದಾಗ ತುಂಡು ಮಾಡಿ ಅವಳ ಮೂಗಿಗೆ ಹಿಡಿದೆ. ಅವಳು ಗಾಬರಿಯಿಂದ ಮುಖ ಹಿಂದಕ್ಕೆ ಎಳೆದುಕೊಂಡಳು.

“ಭಗವಾನ್ ಕೋ ನಹೀಂ ದಿಯಾ ಅಭೀ!” ಎಂದಳು. ದೇವರಿಗೆ ಮೊದಲು ಎಂಬ ಕಟ್ಟಳೆ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

“ದೇವರು ಕಾಯ್ತಾನೆ. ಮೊದಲು ನೀನು” ಎಂದು ಜಡೆಗೆ ಮುಡಿಸಿದೆ. “ನೀನು ನನಗೆ ಬೇಕು. ಮೀನು ತಿಂದರೂ ಬೇಕು. ಗೊತ್ತಾಯಿತಾ?” ಅವಳು ಬಾಟ್ಲಿ ಕೆಳಗಿಟ್ಟು ನನ್ನ ಮಡಿಲಿಗೆ ಬಂದಳು. ಆಗ ಅತ್ತಳು. ನಾನೂ ಅತ್ತೆ. ಬೆಕ್ಕು ಗ್ರಿಲ್‌ನ ಆಚೆ ಕೂತು ಇಬ್ಬರನ್ನೂ ನೋಡುತ್ತಿತ್ತು.

ಉಳಿದ ಹೂವನ್ನು ದೇವರಿಗೆ ಹಾಕಿದೆ. ದೇವರು ಏನೂ ಹೇಳಲಿಲ್ಲ. ಹಿಂದಿನ ಮೂರು ವಾರವೂ ಏನೂ ಹೇಳಿರಲಿಲ್ಲ. ಸಂಜೆ ನಾನೇ ಕರಿಬೇವು ಒಯ್ದು ಕೆಳಗಿನವಳ ಬಾಗಿಲು ತಟ್ಟಿದೆ. ಒಳಗೆ ಕರೆದಳು. ಹೋಗಿ ಕೂತೆ.

ಮದುವೆಯ ದಿನ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಠಾಣೆಗೆ ಹೊರಟೆವು. ಹಿಂದಿನ ದಿನದ ಮೊಗ್ಗನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು ಒಟ್ಟು ಮಾಡಿ ಕಟ್ಟಿದ್ದೆ. ಮುಂಬ್ರಾದ ಹತ್ತಿರ ಕಿಟಕಿಯಿಂದ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಗಾಳಿ ಬಂದಾಗ ಇಡೀ ಬೋಗಿಗೆ ಮಲ್ಲಿಗೆ ಘಮ್ಮೆಂದಿತು. ಹಾಲ್‌ನಲ್ಲಿ ಮೊಮ್ಮಗಳ ಜಡೆಗೆ ಮುಡಿಸಿದೆ. ಸೀವುಡ್ಸ್‌ನಿಂದ ಬಂದ ಸೊಸೆಯನ್ನು ಕರೆದು ನನ್ನ ಕೈಯಾರೆ ಅವಳಿಗೂ ಮುಡಿಸಿದೆ. ಅವಳು ಕತ್ತು ಬಗ್ಗಿಸಿ ನಿಂತಳು, ನನ್ನ ಕೈ ಹಿಡಿದು ಬಿಟ್ಟಳು. ಉಳಿದ ತುಂಡು ಅಕ್ಕನಿಗೆ ಕೊಟ್ಟೆ. ವರನ ತಾಯಿಯಲ್ಲವೇ, ತುರುಬಿಗೆ ಸಿಕ್ಕಿಸಿಕೊಂಡು ಗತ್ತಿನಿಂದ ಓಡಾಡುತ್ತಿದ್ದಳು.

ಮೊಮ್ಮಗಳು ಬೆಳಗಿನಿಂದ ನನ್ನ ಸೆರಗು ಬಿಟ್ಟಿರಲಿಲ್ಲ. ನಮ್ಮ ಕಡೆಯ ಮಕ್ಕಳೆಲ್ಲ ಸ್ಟೇಜಿನ ಹಿಂದೆ ಆಡುತ್ತಿದ್ದರು. ಹೋಗು ಎಂದರೂ ಹೋಗಲಿಲ್ಲ. ಊಟಕ್ಕೆ ಮೊದಲು ಹೆಂಗಸರೆಲ್ಲ ಸೇರಿದ್ದಾಗ ಅಕ್ಕ ಬಂದು ಅವಳ ಜಡೆ ಹಿಡಿದು ಎಲ್ಲರಿಗೂ ತೋರಿಸಿದಳು.

“ನೋಡಿ, ಡಬ್ಬಿಯಲ್ಲಿ ಬೆಳೆದದ್ದಂತೆ. ಊರಿನ ಮಲ್ಲಿಗೆಯನ್ನೂ ಮೀರಿಸ್ತದೆ. ಅದೆಂತ ಗೊಬ್ಬರ ಅಂದಿದ್ದೆ ನೀನು ಫೋನಿನಲ್ಲಿ? ಹಿಂಡಿ ಅಲ್ಲವಾ?”

ನನ್ನ ಸೆರಗು ಬಿಗಿಯಾಯಿತು. ಕೆಳಗೆ ನೋಡಿದೆ. ಮೊಮ್ಮಗಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹಿಂಡಿ ಎಂದುಬಿಟ್ಟರೆ ಎಲ್ಲರೂ ಊಟಕ್ಕೆ ಏಳುತ್ತಿದ್ದರು.

“ಅಲ್ಲ” ಎಂದೆ. “ಮೀನು ತೊಳೆದ ನೀರು. ನನ್ನ ಮೊಮ್ಮಗಳು ತಂದು ಹಾಕಿದ್ದು. ಅವಳ ಕೈಗುಣ.”

ಅಕ್ಕನ ಕೈ ಜಡೆಯಿಂದ ಸರಿದು ತನ್ನ ತುರುಬಿನ ಕಡೆಗೆ ಹೋಯಿತು. ಬೆರಳು ಹೂವಿನ ಮೇಲೆ ನಿಂತಿತು. ಅವಳು ನನ್ನನ್ನು ನೋಡಿದಳು, ಆಮೇಲೆ ನನ್ನ ಪಕ್ಕದಲ್ಲಿದ್ದ ಮುಖವನ್ನು ನೋಡಿದಳು. ಆ ಮುಖದಲ್ಲಿ ಅವಳು ಏನು ಕಂಡಳೋ ನಾನು ಈವರೆಗೆ ಕೇಳಿಲ್ಲ. ಕೈ ಖಾಲಿಯಾಗಿಯೇ ಕೆಳಗಿಳಿಯಿತು. “ನನಗೂ ಎರಡು ಗೆಲ್ಲು ಬೇಕು, ಮಳೆ ಬಂದ ಮೇಲೆ” ಎಂದಳು.

“ದೇತೀ ಹೂಂ” ಎಂದಳು ಮೊಮ್ಮಗಳು, ಗಿಡವೆಲ್ಲ ತನ್ನದೇ, ಕೊಡುವವಳೂ ತಾನೇ ಎಂಬಂತೆ. ಆಮೇಲೆ ನನ್ನ ಸೆರಗು ಬಿಟ್ಟು, ಸ್ಟೇಜಿನ ಹಿಂದೆ ಆಡುತ್ತಿದ್ದ ಮಕ್ಕಳ ಕಡೆಗೆ ಓಡಿದಳು.